ಸೊಸೆಯ ಹೆಸರು

ಟಕ್… ಟಕ್… ಟಕ್…

ಮೇಜಿನ ಕೆಳಗಿದ್ದ ಕಪ್ಪು ಪೆಟ್ಟಿಗೆಯೊಳಗಿಂದ ಆ ಸದ್ದು ಕೇಳಿದಾಗ ಸೊಸೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ನಿಂತಲ್ಲೇ ನಿಂತಿತು. ಅರ್ಧ ನಿಮಿಷದ ಹಿಂದಷ್ಟೇ ಅವಳು ಆ ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ಎತ್ತಿ, ಅಡಿಯ ಧೂಳು ಒರೆಸಿ, ಮರಳಿ ನೆಲಕ್ಕಿಟ್ಟಿದ್ದಳು. ಇಡುವಾಗ ಒಂದು ಮೂಲೆ ಬೆರಳಿನಿಂದ ಜಾರಿ ದಪ್ಪನೆ ನೆಲಕ್ಕೆ ತಗುಲಿತ್ತು. ಕಂಪ್ಯೂಟರ್ ಓಡುತ್ತಿರುವಾಗ ಅದನ್ನು ಅಲುಗಿಸಬಾರದೆಂದು ಗಂಡ ಎಷ್ಟೋ ಸಲ ಎಚ್ಚರಿಸಿದ್ದ. ಪರದೆ ಒಮ್ಮೆ ನಡುಗಿ ಕಪ್ಪಾಯಿತು. ಆ ಕಪ್ಪಿನ ಮೇಲೆ ಬಿಳಿಯ ಅಕ್ಷರಗಳ ಒಂದೇ ಒಂದು ಸಾಲು ಮೂಡಿ, ಸಮಾಧಿಯ ಕಲ್ಲಿನ ಬರಹದಂತೆ ಅಲ್ಲಿಯೇ ಉಳಿದುಬಿಟ್ಟಿತು. ಅವಳಿಗೆ ಆ ಸಾಲಿನ ಅರ್ಥ ಆಗಲಿಲ್ಲ. ಆದರೆ ತಾನು ಕೆಡಿಸಿದ್ದು ಏನನ್ನೆಂಬುದು ಮಾತ್ರ ಅರ್ಥವಾಯಿತು. ಆ ಪೆಟ್ಟಿಗೆಯೊಳಗೆ ಇದ್ದದ್ದು ಲೆಕ್ಕಪತ್ರವಲ್ಲ, ಫೋಟೋಗಳಲ್ಲ… ಅತ್ತೆಯ ದನಿ!

ಅತ್ತೆ ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಪ್ರಕಟಣೆ ಕೊಠಡಿಯಲ್ಲಿ ಕುಳಿತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಹೇಳಿದವಳು. ಮುಖ ಕಾಣದವರೂ ಆಕೆಯ ದನಿಯನ್ನು ಬಲ್ಲರು. ತರಕಾರಿಯವನು ಬೆನ್ನು ತಿರುಗಿಸಿ ನಿಂತಿದ್ದರೂ, ಆಕೆ ಬಾಯಿ ತೆರೆದೊಡನೆ ಸೊಪ್ಪಿನ ಕಟ್ಟನ್ನು ತಾನಾಗಿ ದೊಡ್ಡದು ಮಾಡುತ್ತಿದ್ದ. ಬೀದಿಯವರು ಆಕೆಗಿಟ್ಟ ಹೆಸರು ಮೈಕಮ್ಮ. ನಿವೃತ್ತಿಯಾದ ಮೇಲೆ ಮೈಕು ನಿಲ್ದಾಣದಲ್ಲಿ ಉಳಿಯಿತು, ಪ್ರಕಟಣೆಗಳು ಮನೆಗೆ ಬಂದವು. ಸಾರು ಇಪ್ಪತ್ತು ನಿಮಿಷ ತಡವಾಗಿ ಒಲೆಯ ಮೇಲೇರುತ್ತಿರುವುದನ್ನು ಎದುರು ಮನೆಯವರೂ ತಿಳಿಯುವಂತೆ ಆಕೆ ಸಾರುತ್ತಿದ್ದಳು. ಆ ಪ್ರಕಟಣೆಗಳಲ್ಲಿ ಸೊಸೆಗೆ ಹೆಸರೇ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಅವಳ ಕೈಯಿಂದ ಹಾಲಿನ ಪಾತ್ರೆ ಜಾರಿತ್ತು. ಅಂದಿನಿಂದ ಹನ್ನೊಂದು ವರ್ಷ ಅವಳು ‘ಕೈಲಾಗದವಳು’. ಎಲ್ಲಿ ಹೋದಳು ಆ ಕೈಲಾಗದವಳು, ಕೈಲಾಗದವಳ ಕೈಗೆ ಗಾಜು ಕೊಡಬೇಡ, ಕೈಲಾಗದವಳನ್ನು ತಂದುಕೊಂಡು ನಮ್ಮ ಕೈ ನಾವೇ ಸುಟ್ಟುಕೊಂಡೆವು… ಕನ್ನಡಕದ ಅಂಗಡಿಯಲ್ಲಿ ಕೂದಲೆಳೆಯ ಅಳತೆಗೆ ಮಸೂರ ಉಜ್ಜಿ ಕೊಡುವ ಹೆಣ್ಣಿಗೆ ಮನೆಯಲ್ಲಿ ಸಿಕ್ಕಿದ್ದ ಬಿರುದು ಅದು.

ಅಂಥ ದನಿಯ ಬುಡದಲ್ಲೇ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಅದಕ್ಕೆ ಮೊದಲು ದನಿ ಜೋಡಿಸುವ ಕೇಂದ್ರದವರು ಸಾವಿರದ ಆರುನೂರು ವಾಕ್ಯಗಳ ಪಟ್ಟಿ ಕೊಟ್ಟು, ಅವನ್ನೆಲ್ಲ ಓದಿ ಕಂಪ್ಯೂಟರಿನಲ್ಲಿ ತುಂಬಿಡಿ, ಮುಂದೆ ನೀವು ಬರೆದದ್ದನ್ನು ಯಂತ್ರ ನಿಮ್ಮದೇ ದನಿಯಲ್ಲಿ ನುಡಿಯುವ ಹಾಗೆ ಮಾಡಿಕೊಡುತ್ತೇವೆ ಎಂದಿದ್ದರು. ಮೂರು ವಾರ ಆಕೆ ನೋವು ನುಂಗಿ ಓದಿದಳು. ಈಗ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು. ಕತ್ತಿನ ಬುಡದ ರಂಧ್ರದಿಂದ ಉಸಿರು, ಕೈಯಲ್ಲೊಂದು ನೋಟ್‌ಬುಕ್ಕು. ಧ್ವನಿಮುದ್ರಣಗಳನ್ನು ಕೇಂದ್ರಕ್ಕೆ ಕಳಿಸಲು ಕೊಟ್ಟ ಗಡುವು ಇಂದು ಸಂಜೆ ಐದು. ತಪ್ಪಿದರೆ ಮುಂದಿನ ಸರದಿ ಯಾವಾಗ ಬರುತ್ತದೆಂದು ಅವರೇ ಹೇಳಲಾರರು.

ಗಂಡ ಬಂದು, ಏನಾಯಿತೆಂದು ಕೇಳಿದ. ಅವಳು ಬಾಯಿ ತೆರೆದಳು. ಸತ್ಯ ನಾಲಿಗೆಯ ತುದಿಯವರೆಗೂ ಬಂತು.

“ಗೊತ್ತಿಲ್ಲ ರೀ… ತಾನಾಗೇ ನಿಂತೋಯ್ತು.”

ಹನ್ನೊಂದು ವರ್ಷದಲ್ಲಿ ಅವಳು ಗಂಡನಿಗೆ ಹೇಳಿದ ಮೊದಲ ಸುಳ್ಳು ಅದಾಗಿತ್ತು. ಪಕ್ಕದ ಕೋಣೆಯಿಂದ ಉಸಿರಿನ ಸಿಳ್ಳೆ ಕೇಳುತ್ತಿತ್ತು. ಅತ್ತೆ ಎಚ್ಚರವಾಗಿದ್ದಳು.

ಕಂಪ್ಯೂಟರ್ ರಿಪೇರಿಯವಳು ಹತ್ತು ಗಂಟೆಗೆ ಬಂದಳು. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಕುಪ್ಪಸದ ಬಲ ಭುಜಕ್ಕೆ ಸದಾ ಒಂದು ಪಿನ್ನು, ಆ ಪಿನ್ನಿಗೆ ಅಯಸ್ಕಾಂತ, ಅದಕ್ಕೆ ಅಂಟಿದ ಐದಾರು ಸ್ಕ್ರೂ. ಎಲ್ಲರೂ ಅವಳನ್ನು ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಅವಳು ಪೆಟ್ಟಿಗೆಗೆ ಕಿವಿಗೊಟ್ಟು ಆ ಟಕ್ ಟಕ್ ಅನ್ನು ಆಲಿಸಿದಳು. ಹಾರ್ಡ್ ಡಿಸ್ಕಿನ ಮುಳ್ಳೇ ಮುರಿದಿದೆ, ಇದರಲ್ಲಿನ್ನು ಜೀವವಿಲ್ಲ ಎಂದಳು. ಗಂಡನ ಮುಖ ಬಿಳಿಚಿಕೊಂಡದ್ದನ್ನು ಕಂಡು, ಹೆದರಬೇಡ ತಮ್ಮ, ನಾನೇ ಕೂರಿಸಿಕೊಟ್ಟ ಬ್ಯಾಕಪ್ ಡಿಸ್ಕ್ ಇದೆಯಲ್ಲ ಎಂದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಬಿಲ್ಲೆಯನ್ನು ಎತ್ತಿ ತೋರಿಸಿದಳು. ಆ ಪೆಟ್ಟಿಗೆಯಲ್ಲಿದ್ದುದೆಲ್ಲ ದಿನಕ್ಕೊಮ್ಮೆ ಇದರೊಳಗೂ ನಕಲಾಗಿತ್ತು. ಹೊಸ ಹಾರ್ಡ್ ಡಿಸ್ಕ್ ಹಾಕಿ, ಇದರಿಂದ ಎಲ್ಲವನ್ನೂ ಅದಕ್ಕೆ ಇಳಿಸಿಕೊಂಡರೆ ಆಯಿತು. ಸೊಸೆಗೆ ಹೋದ ಜೀವ ಬಂದಂತಾಯಿತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ.

ಬಿಲ್ಲೆಗೆ ಬೀಗವಿತ್ತು. ಕದ್ದ ದನಿಯಿಂದ ಜನರಿಗೆ ಮೋಸ ಮಾಡುವವರಿದ್ದಾರೆಂದು ಕೇಂದ್ರದವರೇ ಎಚ್ಚರಿಸಿದ್ದರಿಂದ, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಅದರೊಳಗಿನದೆಲ್ಲವನ್ನೂ ಗೂಢಲಿಪಿಯಾಗಿಸಲಾಗಿತ್ತು. ಪಾಸ್‌ವರ್ಡ್ ಒತ್ತಿದವಳು ಅತ್ತೆ. ಆಗ ಸ್ಕ್ರೂ ಅಕ್ಕ ಮರ್ಯಾದೆಗೆಂದು ಗೋಡೆಯತ್ತ ತಿರುಗಿ ನಿಂತಿದ್ದಳು. ಅನಂತರ ಹಳೆಯ ಹಾರ್ಡ್ ಡಿಸ್ಕೇ ಅದನ್ನು ನೆನಪಿಟ್ಟುಕೊಂಡಿದ್ದರಿಂದ ಮತ್ತೆ ಯಾರೂ ಒತ್ತಬೇಕಾಗಿ ಬಂದಿರಲಿಲ್ಲ. ಈಗ ನೆನಪಿದ್ದ ಡಿಸ್ಕು ಸತ್ತಿತ್ತು. ನೆನಪಿರಬೇಕಾದವಳ ಬಳಿಗೆ ಮಗ ಓಡಿದ. ಅತ್ತೆ ನೋಟ್‌ಬುಕ್ಕನ್ನು ಎಳೆದುಕೊಂಡು ಒಂದೇ ಪದ ಬರೆದಳು.

‘ಮರೆತೆ.’

“ಹತ್ತು ಸಲ ತಪ್ಪಿದ್ರೆ ಇದು ತನ್ನನ್ನ ತಾನೇ ಅಳಿಸ್ಕೊಳ್ಳತ್ತೆ,” ಎಂದಳು ಸ್ಕ್ರೂ ಅಕ್ಕ. “ಆಮೇಲೆ ನಾನಲ್ಲ, ದೇವರೇ ಇಳಿದು ಬಂದ್ರೂ ಖಾಲಿ ಡಬ್ಬ. ಯೋಚನೆ ಮಾಡಿ ಹೇಳು ತಮ್ಮ.”

ತಮ್ಮ ಯೋಚಿಸಲಿಲ್ಲ. ಅವನ ಉದ್ಯೋಗ ಲಿಫ್ಟುಗಳ ರಿಪೇರಿ. ಅಮ್ಮ ಮತ್ತು ಹೆಂಡತಿಯ ನಡುವೆ ಅವನೂ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಲಿಫ್ಟಿನಂತೆಯೇ ಬದುಕಿದವನು. ಸಿಕ್ಕಿಬಿದ್ದಾಗ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುವುದೊಂದೇ ಅವನಿಗೆ ತೋಚುತ್ತಿದ್ದದ್ದು. ತನ್ನ ಹೆಸರು ಹೇಳಿದ, ತಪ್ಪು. ತೀರಿಹೋದ ತಂದೆಯ ಹೆಸರು, ತಪ್ಪು. ತಾನು ಹುಟ್ಟಿದ ತಾರೀಕು, ಮನೆಯ ನಂಬರು, ಅಮ್ಮ ನಿವೃತ್ತಳಾದ ವರ್ಷ… ಐದೂ ತಪ್ಪಿದ ಮೇಲೆ ಪರದೆಯ ಕೆಳಗೆ, ಪಾಸ್‌ವರ್ಡ್ ಇಟ್ಟವಳೇ ಅಂದು ಬರೆದಿಟ್ಟಿದ್ದ ಸುಳಿವೊಂದು ತೆರೆದುಕೊಂಡಿತು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಎರಡು ಕನ್ನಡ ಪದಗಳು: ‘ಸೊಸೆ ಹೆಸರು.’

ಗಂಡನ ಕಣ್ಣು ಅರಳಿತು. ನೋಡಿದೆಯಾ, ಅಮ್ಮ ನಿನ್ನ ಹೆಸರನ್ನೇ ಬೀಗ ಮಾಡಿಟ್ಟಿದ್ದಾಳೆ, ಮೇಲೆ ಎಷ್ಟೇ ಕೂಗಾಡಿದರೂ ಒಳಗೆ ನೀನೇ ಇದ್ದೀಯ ಎಂದ ಅವನು. ಸ್ಕ್ರೂ ಅಕ್ಕ ಅವಳ ಹೆಸರನ್ನು ಒತ್ತಿದಳು. ತಪ್ಪು. ಕೊನೆಗೊಂದು ಅಕ್ಷರ ಸೇರಿಸಿ ಮತ್ತೆ ಒತ್ತಿದಳು. ತಪ್ಪು. ಇನ್ನು ಉಳಿದದ್ದು ಮೂರೇ ಸಲ. ಸ್ಕ್ರೂ ಅಕ್ಕ ಕಾದ ಬಾಣಲೆಯಿಂದ ತೆಗೆದಂತೆ ಕೈಯನ್ನು ಕೀಲಿಮಣೆಯಿಂದ ಹಿಂದಕ್ಕೆಳೆದುಕೊಂಡಳು. ಗಂಡ ಗಡುವನ್ನು ಒಂದು ದಿನವಾದರೂ ಮುಂದೂಡಿಸಲು ಕೇಂದ್ರಕ್ಕೆ ಫೋನ್ ಹಚ್ಚಿ, ಬಾಲ್ಕನಿಗೆ ಹೋಗಿ ಗೋಗರೆಯತೊಡಗಿದ.

ಸೊಸೆ ಗೋಡೆಗೆ ಆತು ನಿಂತಿದ್ದಳು. ಆ ಸುಳಿವು ಮೂಡಿದ ಕ್ಷಣವೇ ಅವಳಿಗೆ ಗೊತ್ತಾಗಿತ್ತು. ಆಕೆಯ ಬಾಯಲ್ಲಿ ಸೊಸೆಗೆ ಇದ್ದದ್ದು ಒಂದೇ ಹೆಸರು. ಲೋಕದಲ್ಲಿ ಯಾರಿಗೂ ಹೊಳೆಯದ, ತನಗೊಬ್ಬಳಿಗೇ ಹೊಳೆಯಬಹುದಾದ ಪದ! ಅವಮಾನದಿಂದ ಕಿವಿ ಬಿಸಿಯಾಯಿತು. ಆದರೆ ಅವಳನ್ನು ನಡುಗಿಸಿದ್ದು ಆ ಅವಮಾನವಲ್ಲ, ಅದರ ಹಿಂದೆಯೇ ಕಳ್ಳ ಹೆಜ್ಜೆಯಲ್ಲಿ ಬಂದ ಇನ್ನೊಂದು ಯೋಚನೆ. ಸುಮ್ಮನಿದ್ದುಬಿಟ್ಟರೆ? ತಾನು ಏನನ್ನೂ ಮಾಡಬೇಕಾಗಿಲ್ಲ. ಗಂಡನೇ ಇನ್ನೂ ಮೂರು ಗುಂಡಿ ಒತ್ತುತ್ತಾನೆ. ಆ ದನಿ ಈ ಮನೆಯಲ್ಲಿ ಮತ್ತೆಂದೂ ಕೇಳಿಸುವುದಿಲ್ಲ… ಎರಡು ತಿಂಗಳಿಂದ ಅವಳು ಅಡುಗೆಮನೆಯಲ್ಲಿ ಬೆನ್ನು ಸೆಟೆಸದೆ ನಿಂತಿದ್ದಳು. ಅತ್ತೆಯ ಮಂಚದ ಅಂಚಿನಲ್ಲಿ ಕುಳಿತು, ಕತ್ತಿನ ಕೊಳವೆ ತೊಳೆಯುತ್ತಾ, ಅಂಗಡಿಗೆ ಬಂದ ಗಿರಾಕಿಗಳ ಕಥೆ ಹೇಳಿದ್ದಳು. ಇದೇ ಇರಲಿ ಎಂದು ಮನಸ್ಸು ಆಸೆಪಟ್ಟಿತು. ಹಾಗೆ ಆಸೆಪಟ್ಟದ್ದು ತನ್ನದೇ ಮನಸ್ಸೆಂದು ತಿಳಿದಾಗ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಕೈಜಾರಿ ಒಡೆದದ್ದು ಬೇರೆ. ಕೈಕಟ್ಟಿ ನಿಂತು ಒಂದು ಜೀವದ ನಾಲಿಗೆಯನ್ನು ಹೂಳುವುದು ಬೇರೆ.

ಅವಳು ಸ್ಕ್ರೂ ಅಕ್ಕನ ಬಳಿಗೆ ಬಂದು ಆ ಪದವನ್ನು ಹೇಳಿದಳು. ಸ್ಕ್ರೂ ಅಕ್ಕ ತಲೆಯೆತ್ತಿ ನೋಡಿದಳು. ಏನನ್ನೂ ಕೇಳದೆ ಕನ್ನಡಕ ಒರೆಸಿಕೊಂಡು ಒತ್ತಿದಳು. ತಪ್ಪು. ಎಂಟಾಯಿತು.

“ಪದ ಅದೇ ಇರಬಹುದು ಕಣಮ್ಮ, ಬರೆಯೋ ರೀತಿ ಬೇರೆ. ಕನ್ನಡನ ಇಂಗ್ಲಿಷಲ್ಲಿ ಬರೆಯೋಕೆ ಹೋದ್ರೆ ಒಬ್ಬೊಬ್ಬರದ್ದು ಒಂದೊಂದು ದಾರಿ. ‘ಕೈ’ಗೆ ಐ ಹಾಕ್ತಾರೋ ವೈ ಹಾಕ್ತಾರೋ? ‘ಲಾ’ಗೆ ಒಂದು ಎ ನಾ, ಎರಡಾ? ‘ದ’ಗೆ ಬರೀ ಡಿ ನಾ, ಪಕ್ಕದಲ್ಲಿ ಎಚ್ ಇದೆಯಾ? ‘ಳು’ಗೆ ಎಲ್ ಒಂದಾ ಎರಡಾ?” ಸ್ಕ್ರೂ ಅಕ್ಕ ಬೆರಳು ಮಡಿಸಿದಳು. “ಹದಿನಾರು ದಾರಿ ಆಯ್ತು. ಉಳಿದಿರೋದು ಎರಡು ಸಲ. ಬರೆದವರನ್ನೇ ಕೇಳಬೇಕು.”

ಬರೆದವರನ್ನು ಕೇಳುವುದು! ಆ ಕೋಣೆಗೆ ಹತ್ತು ಹೆಜ್ಜೆಯ ದೂರ. ಸೊಸೆಗೆ ಅದು ಹತ್ತು ಹರದಾರಿಯಾಗಿ ಕಂಡಿತು. ಅತ್ತೆ ದಿಂಬಿಗೊರಗಿ, ಕಣ್ಣು ಮುಚ್ಚಿಕೊಂಡಿದ್ದಳು. ಕತ್ತಿನ ಮೇಲಿನ ತೆಳುಬಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ಸೊಸೆ ಮಂಚದ ಪಕ್ಕದಲ್ಲಿ ಮಂಡಿಯೂರಿ, ನೋಟ್‌ಬುಕ್ಕನ್ನೂ ಪೆನ್ನನ್ನೂ ಆಕೆಯ ಕೈಗಿಟ್ಟಳು.

“ಅತ್ತೆ, ನಿಮಗೆ ಮರೆತಿಲ್ಲ. ಆ ಪದ ಯಾವುದು ಅಂತ ನಂಗೂ ಗೊತ್ತಾಗಿದೆ. ಇಂಗ್ಲಿಷಲ್ಲಿ ಹೇಗೆ ಬರೆದ್ರಿ ಅನ್ನೋದೊಂದೇ ಗೊತ್ತಾಗಬೇಕು. ಬರೆದು ಕೊಡಿ. ನಾನು ನೊಂದ್ಕೊಳ್ಳಲ್ಲ. ನೊಂದ್ಕೊಂಡು ಹನ್ನೊಂದು ವರ್ಷ ಆಯ್ತು.”

ಅತ್ತೆಯ ಕಣ್ಣು ತೆರೆಯಿತು. ಸೊಸೆ ಆ ಕಣ್ಣುಗಳಲ್ಲಿ ಸಿಟ್ಟನ್ನು ನಿರೀಕ್ಷಿಸಿದ್ದಳು. ಕಂಡದ್ದು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ದಿಗಿಲು. ಆಕೆ ತಲೆಯನ್ನು ಅತ್ತಿತ್ತ ಆಡಿಸಿದಳು, ಪೆನ್ನನ್ನು ದೂಡಿದಳು, ಗೋಡೆಯ ಕಡೆಗೆ ಹೊರಳಿಕೊಂಡಳು. ಬೈಯುವಾಗ ಸಲೀಸಾಗಿ ಹಾರಿಹೋಗುತ್ತಿದ್ದ ಪದ, ಬೈಸಿಕೊಂಡವಳ ಕಣ್ಣೆದುರು ಒಂದೊಂದೇ ಅಕ್ಷರವಾಗಿ ಬರೆಯಬೇಕಾಗಿ ಬಂದಾಗ ಬೆಟ್ಟದಷ್ಟು ಭಾರವಾಗಿತ್ತು. ಸೊಸೆ ಎದ್ದು ಹೋಗಲಿಲ್ಲ. ಗಡಿಯಾರದ ಮುಳ್ಳು ಒಂದೂವರೆ ದಾಟಿತು. ಕೊನೆಗೆ ಆ ಒಣಗಿದ ಕೈ ಹಿಂದಕ್ಕೆ ಚಾಚಿ ಪೆನ್ನನ್ನು ತಡಕಿತು. ಆಕೆ ಬರೆದಳು. ಬರೆದ ಹಾಳೆಯನ್ನು ಹರಿದು, ಸೊಸೆಯ ಮುಖ ನೋಡದೆ ಅಂಗೈಗೆ ತುರುಕಿದಳು.

ಸ್ಕ್ರೂ ಅಕ್ಕ ಹಾಳೆಯನ್ನು ಪರದೆಯ ಪಕ್ಕಕ್ಕೆ ಒರಗಿಸಿ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದುತ್ತಾ ಒತ್ತಿದಳು. ‘ಕೈ’ಗೆ ವೈ, ‘ದ’ಗೆ ಎಚ್, ‘ಳು’ಗೆ ಎರಡು ಎಲ್.

ತಪ್ಪು.

ಗಂಡ ಬಾಲ್ಕನಿಯಿಂದ ಬಂದು ನಿಂತಿದ್ದವನು ತಲೆಯ ಮೇಲೆ ಕೈಹೊತ್ತು ಕುಸಿದ. ಕೇಂದ್ರದವರು ಗಡುವನ್ನು ಒಂದು ಗಳಿಗೆಯೂ ಮುಂದೂಡುವುದಿಲ್ಲವೆಂದಿದ್ದರು. ಅಮ್ಮನಿಗೂ ನೆನಪಿಲ್ಲವೆಂದಮೇಲೆ ಮುಗಿಯಿತು, ಇದನ್ನು ಮುಟ್ಟಬೇಡಿ, ಮುಂದೆ ಯಾವತ್ತಾದರೂ ನೆನಪಾದರೆ ನೋಡೋಣ ಎಂದು ಅವನು ಸೋತ ದನಿಯಲ್ಲಿ ಗೊಣಗಿದ. ಉಳಿದದ್ದು ಒಂದೇ ಸಲ. ಸ್ಕ್ರೂ ಅಕ್ಕ ಭುಜದ ಸ್ಕ್ರೂಗಳನ್ನು ಎಣಿಸತೊಡಗಿದಳು.

ಸೊಸೆ ಆ ಹಾಳೆಯನ್ನು ಕೈಗೆತ್ತಿಕೊಂಡಳು. ಇಡೀ ದಿನ ಅಂಗಡಿಯಲ್ಲಿ ಗಾಜಿನ ಅಂಚಿನ ಒಡಕು ಹುಡುಕುವ ಕಣ್ಣು ಅವಳದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಕ್ಷರಗಳು ಒಂದೇ ಎತ್ತರಕ್ಕೆ ನೆಟ್ಟಗೆ ನಿಂತಿದ್ದವು. ಎಲ್ಲವೂ ದೊಡ್ಡ ಅಕ್ಷರಗಳೇ, ಸಣ್ಣದು ಒಂದೂ ಇರಲಿಲ್ಲ. ಸ್ಕ್ರೂ ಅಕ್ಕ ಒತ್ತಿದ್ದು ಎಲ್ಲವೂ ಸಣ್ಣವು. ಬರೆಯುವ ಆತುರಕ್ಕೆ ಹೀಗಾಯಿತೋ, ಆಕೆಯ ಕೈಬರಹವೇ ಹೀಗೋ? ಅವಳು ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ಮಗುಚಿದಳು. ಮಾತ್ರೆಯ ಹೆಸರುಗಳಿದ್ದವು, ವೈದ್ಯರ ಹೆಸರಿತ್ತು. ಇಂಗ್ಲಿಷಿನಲ್ಲಿದ್ದುದೆಲ್ಲ ದೊಡ್ಡ ಅಕ್ಷರ! ಅವಳು ಗಂಡನನ್ನು ಕೇಳಿದಳು. ಅಮ್ಮನಿಗೆ ಸಣ್ಣಕ್ಷರ ಬರೆದೇ ಅಭ್ಯಾಸವಿಲ್ಲ, ನಿಲ್ದಾಣದ ಪ್ರಕಟಣೆ ರಿಜಿಸ್ಟರಿನಲ್ಲಿ ಊರುಗಳ ಹೆಸರನ್ನು ದೊಡ್ಡಕ್ಷರದಲ್ಲೇ ಬರೆಯಬೇಕಿತ್ತು, ಮಸುಕು ದೀಪದಲ್ಲಿ ಓದುವಾಗ ತಪ್ಪಬಾರದಲ್ಲ ಎಂದು ಅವನು ಅರೆಮನಸ್ಸಿನಲ್ಲಿ ಉತ್ತರಿಸಿದ. ಅಂಥವಳು ಕೀಲಿಮಣೆಯ ಮುಂದೆ ಕುಳಿತರೂ ಮೊದಲು ಒತ್ತುವುದು ದೊಡ್ಡಕ್ಷರದ ಗುಂಡಿಯನ್ನೇ ಅಲ್ಲವೇ?

“ಅಕ್ಕಾ, ಏಳಿ. ನಾನು ಒತ್ತುತ್ತೀನಿ.”

“ತಪ್ಪಿದ್ರೆ?” ಗಂಡ ಎದ್ದು ನಿಂತ. “ಜೀವಮಾನವಿಡೀ ನಿನ್ನ ಮೇಲೆ ಬರತ್ತೆ ಕಣೆ.”

“ಬರಲಿ. ನನ್ನ ಹೆಸರಲ್ವಾ, ನಾನೇ ಬರೀತೀನಿ.”

ಅವಳು ಕುರ್ಚಿಯಲ್ಲಿ ಕುಳಿತಳು. ದೊಡ್ಡಕ್ಷರದ ಗುಂಡಿ ಒತ್ತಿದಳು. ಹನ್ನೊಂದು ವರ್ಷ ಕಿವಿಯಲ್ಲಿ ಕಾದ ಸೀಸದಂತೆ ಬಿದ್ದ ಆ ಪದವನ್ನು ತನ್ನದೇ ಬೆರಳಿನಿಂದ, ಒಂದಕ್ಷರವೂ ತಪ್ಪದಂತೆ, ಕೂರಿಸುತ್ತಾ ಹೋದಳು. ಕೊನೆಯ ಗುಂಡಿ ಒತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಳು…

“ಅಯ್ಯಪ್ಪಾ,” ಎಂದಳು ಸ್ಕ್ರೂ ಅಕ್ಕ, ಬಹಳ ಮೆಲ್ಲಗೆ. “ತೆರೀತು.”

ಹೊಸ ಡಿಸ್ಕಿಗೆ ಎಲ್ಲವೂ ಇಳಿಯಲು ಎರಡು ಗಂಟೆ ಹಿಡಿಯಿತು. ಇಳಿದದ್ದು ಸರಿಯಾಗಿದೆಯೇ ನೋಡಲು ಸ್ಕ್ರೂ ಅಕ್ಕ ಒಂದು ಮುದ್ರಣವನ್ನು ತೆರೆದಳು. “ಕಿಟಕಿ ಮುಚ್ಚು, ಗಾಳಿ ಬರ್ತಿದೆ,” ಎಂದಿತು ಆ ದನಿ, ಇಡೀ ಮನೆಗೆ ಕೇಳುವಂತೆ. ಸೊಸೆಯ ಬೆನ್ನು ತಾನಾಗಿ ಸೆಟೆಯಿತು. ಕಾಲು ಕಿಟಕಿಯತ್ತ ಒಂದು ಹೆಜ್ಜೆ ಇಟ್ಟೂ ಬಿಟ್ಟಿತು. ಕಿಟಕಿ ಮುಚ್ಚಿಯೇ ಇತ್ತು. ಅದನ್ನು ಕಂಡು ಗಂಡ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು, ಸ್ಕ್ರೂ ಅಕ್ಕನನ್ನು ಅವಳ ಮನೆಯವರೆಗೆ ಬಿಟ್ಟುಬರಲು ಹೋದ.

ನಾಲ್ಕೂಕಾಲಿಗೆ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತಳು. ಕೇಂದ್ರಕ್ಕೆ ಕಳಿಸುವ ಪತ್ರ ಸಿದ್ಧವಾಗಿತ್ತು. ಒಂದು ಗುಂಡಿ ಒತ್ತಿದರೆ ಸಾವಿರದ ಆರುನೂರು ವಾಕ್ಯಗಳು ಹೊರಡುತ್ತಿದ್ದವು. ಅತ್ತೆ ಆ ಗುಂಡಿಯನ್ನು ನೋಡುತ್ತಾ ಕುಳಿತಳೇ ಹೊರತು ಕೈ ಎತ್ತಲಿಲ್ಲ. ಸೊಸೆಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದ ಕಲ್ಲು ತಾನಾಗಿ ಉರುಳಿತು.

“ಅತ್ತೆ, ಕಂಪ್ಯೂಟರ್ ತಾನಾಗೇ ಕೆಡಲಿಲ್ಲ. ನಾನು ಎತ್ತಿದ್ದೆ, ಕೈ ಜಾರ್ತು. ಇವರ ಹತ್ರ ಸುಳ್ಳು ಹೇಳಿದೆ… ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಡಬ್ಬ ತೆರೆಯದೇ ಇರ್ಲಿ ಅಂತ ಒಂದು ಗಳಿಗೆ ನಾನು ಬೇಡ್ಕೊಂಡೆ. ನಿಮ್ಮ ದನಿ ಮತ್ತೆ ಬರೋದೇ ಬೇಡ ಅಂತ.”

ಹೇಳಿ ಮುಗಿಸಿ ಅವಳು ತಲೆ ತಗ್ಗಿಸಿ ನಿಂತಳು. ಬರಬಹುದಾದ ಏಟಿಗೆ ಕಾದು ನಿಂತ ಮಗುವಿನಂತೆ ಅವಳ ಹೆಗಲು ಮುದುಡಿತ್ತು. ಆಮೇಲೆ ಪೆನ್ನು ಕಾಗದದ ಮೇಲೆ ಗೀಚುವ ಸದ್ದು. ನೋಟ್‌ಬುಕ್ಕು ಅವಳ ಕಣ್ಣ ಕೆಳಗೆ ಬಂತು.

‘ನಾನೂ ಹಾಗೇ ಬೇಡಿಕೊಂಡೆ.’

ಸೊಸೆಗೆ ಅರ್ಥವಾಗಲಿಲ್ಲ. ಅತ್ತೆ ನೋಟ್‌ಬುಕ್ಕನ್ನು ಹಿಂದಕ್ಕೆ ಸೆಳೆದುಕೊಂಡು ಬರೆಯತೊಡಗಿದಳು. ಪೆನ್ನು ಮತ್ತೆ ಮತ್ತೆ ನಿಲ್ಲುತ್ತಿತ್ತು.

‘ಮರೆತೆ ಅಂದದ್ದು ನಾಚಿಕೆಗೆ. ಅದೊಂದೇ ಅಲ್ಲ. ಈಗ ನೀನು ನನ್ನ ಪಕ್ಕ ಕೂತು ಮಾತಾಡ್ತೀಯ. ಹನ್ನೊಂದು ವರ್ಷದಲ್ಲಿ ಒಂದು ದಿನ ಕೂತಿದ್ದಿಲ್ಲ. ಆ ದನಿ ಬಂದರೆ ನೀನು ಮತ್ತೆ ಬಾಗಿಲ ಹತ್ತಿರ ನಿಲ್ತೀಯ. ನನಗೆ ಭಯ.’

ಸೊಸೆ ಆ ಸಾಲುಗಳನ್ನು ಎರಡು ಸಲ ಓದಿದಳು. ಈ ಮನೆಯಲ್ಲಿ ಆ ದನಿಗೆ ಹೆದರುವವಳು ತಾನೊಬ್ಬಳೇ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಪಕ್ಕದ ಸ್ಟೂಲನ್ನು ಎಳೆದುಕೊಂಡು ಅತ್ತೆಯ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತಳು. ದನಿ ನಿಮ್ಮದು, ಅದನ್ನು ತಡೆಹಿಡಿಯುವ ಹಕ್ಕು ನನಗಿಲ್ಲ, ಕಳಿಸಿ ಎಂದಳು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡು, ಇನ್ನೊಂದು ಸಾಲು ಬರೆದು ತೋರಿಸಿದಳು.

‘ಹಳೇ ಥರ ಬೈದರೆ ಪ್ಲಗ್ ಕಿತ್ತುಬಿಡು.’

ಸೊಸೆಗೆ ಮೊದಲು ನಗು ಬಂತು. ನಗುವಿನ ನಡುವೆಯೇ ಅಳು ಉಕ್ಕಿತು. ಸೆರಗಿನಿಂದ ಮುಖ ಒರೆಸಿಕೊಂಡು, ಆಕೆಯ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು:

“ಪ್ಲಗ್ ಕೀಳಲ್ಲ ಅತ್ತೆ. ಎದುರುತ್ತರ ಕೊಡ್ತೀನಿ.”

ಅತ್ತೆಯ ಹುಬ್ಬು ಮೇಲೇರಿತು. ಸೊಸೆ ಕಣ್ಣು ತಗ್ಗಿಸಲಿಲ್ಲ. ಅತ್ತೆಯ ಭುಜಗಳು ಕುಲುಕಾಡತೊಡಗಿದವು. ಸದ್ದಿಲ್ಲದ ನಗು, ಕತ್ತಿನ ಬಟ್ಟೆಯನ್ನು ಪಟಪಟನೆ ಹಾರಿಸುತ್ತಿತ್ತು. ಹಾಗೆ ನಗುತ್ತಲೇ ಆಕೆ ಸೊಸೆಯ ಕೈಯನ್ನು ಹಿಡಿದು, ಅವಳ ಬೆರಳನ್ನು ಗುಂಡಿಯ ಮೇಲಿಟ್ಟು, ಅದರ ಮೇಲೆ ತನ್ನ ಬೆರಳನ್ನಿಟ್ಟು ಒತ್ತಿದಳು.